ಹಡಗು ಯಾರದು? ಕಡಲ ಸೆರೆಯ ಗಣಿತ, ಕಾನೂನು ಮತ್ತು ಸಾಕ್ಷ್ಯ

ಕಡೂರು, ತರೀಕೆರೆ, ಅಜ್ಜಂಪುರದ ಶಾಲೆಯೊಂದರಲ್ಲಿ ಕಡಲಿನ ಚರಿತ್ರೆಯನ್ನು ಪಾಠ ಮಾಡುವುದೇಕೆ ಎಂದು ನೀವು ಕೇಳಬಹುದು. ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೋಡಿ. ಈ ಮೂರು ಊರುಗಳಿಂದ ಅರಬ್ಬೀ ಸಮುದ್ರ ನೇರ ರೇಖೆಯಲ್ಲಿ ಸುಮಾರು 125ರಿಂದ 150 ಕಿಲೋಮೀಟರ್ ಮಾತ್ರ. ನಡುವೆ ಪಶ್ಚಿಮ ಘಟ್ಟ ಅಡ್ಡ ನಿಂತಿರುವುದರಿಂದ ಕಡಲು ನಮಗೆ ದೂರ ಎನಿಸುತ್ತದೆ. ಆದರೆ 17ನೇ ಶತಮಾನದಲ್ಲಿ ಮಲೆನಾಡಿನ ಮೆಣಸು ಹೇರೆತ್ತುಗಳ ಬೆನ್ನೇರಿ ಇದೇ ಘಟ್ಟವನ್ನು ಇಳಿದು ಭಟ್ಕಳ, ಹೊನ್ನಾವರ, ಕಾರವಾರಗಳನ್ನು ಸೇರುತ್ತಿತ್ತು. ಅಲ್ಲಿಂದ ಮುಂದೆ ಅದು ಹಡಗಿನ ಪಾಲು. ಹಡಗು ದಡ ಬಿಟ್ಟ ಮೇಲೆ ಅದರೊಳಗಿನ ಸರಕು ಯಾರದು ಎಂಬುದು ಸದಾ ಖಚಿತವಾಗಿರಲಿಲ್ಲ. ದಾರಿಯಲ್ಲಿ ಯಾರಾದರೂ ಅದನ್ನು ಹಿಡಿಯಬಹುದಿತ್ತು. ಹಿಡಿದವರಿಂದ ಮತ್ತೊಬ್ಬರು ಕಸಿದುಕೊಳ್ಳಬಹುದಿತ್ತು.

ಈ ಸೆರೆ ಮತ್ತು ಮರುಸೆರೆಗಳ ಕಥೆಯಲ್ಲಿ ವಿಜ್ಞಾನದ ವಿದ್ಯಾರ್ಥಿಗೆ ಎರಡು ಪಾಠಗಳಿವೆ. ಹಡಗನ್ನು ಹಿಡಿಯುವುದು ವೇಗ, ದೂರ, ಕಾಲಗಳ ಲೆಕ್ಕ. ಹಿಡಿದ ಹಡಗು ಯಾರಿಗೆ ಸೇರಬೇಕೆಂಬುದು ಸಾಕ್ಷ್ಯದ ಪ್ರಶ್ನೆ. ಎರಡನೆಯದು ಮೊದಲನೆಯದಕ್ಕಿಂತ ಬಹಳ ಕಷ್ಟ.

ಸನ್ನದು ಮತ್ತು ರಹದಾರಿ

ಮೊದಲು ಕೆಲವು ಪದಗಳ ಅರ್ಥವನ್ನು ತಿಳಿದುಕೊಳ್ಳೋಣ. ಯುದ್ಧಕಾಲದಲ್ಲಿ ಐರೋಪ್ಯ ರಾಜರು ಖಾಸಗಿ ಹಡಗುಗಳ ಒಡೆಯರಿಗೆ ಒಂದು ಸನ್ನದು ಕೊಡುತ್ತಿದ್ದರು. ಶತ್ರು ದೇಶದ ವ್ಯಾಪಾರಿ ಹಡಗುಗಳನ್ನು ಹಿಡಿಯಲು ಅದು ಅನುಮತಿಪತ್ರ. ಇಂಥ ಹಡಗನ್ನೂ ಅದರ ಕಪ್ತಾನನನ್ನೂ ಪ್ರೈವಟೀರ್ ಎನ್ನುತ್ತಿದ್ದರು. ನಾವಿಲ್ಲಿ ಹಡಗನ್ನು 'ಸನ್ನದು ನೌಕೆ' ಎಂದು ಕರೆಯೋಣ. ಸನ್ನದಿಲ್ಲದೆ ಅದೇ ಕೆಲಸ ಮಾಡಿದವನು ಕಡಲ್ಗಳ್ಳ, ಅವನಿಗೆ ಗಲ್ಲು. ಸನ್ನದು ಇದ್ದವನು ಕೂಡ ಹಿಡಿದ ಹಡಗನ್ನು ತನ್ನ ದೇಶದ ನೌಕಾ ನ್ಯಾಯಾಲಯದ ಮುಂದೆ ತರಬೇಕಿತ್ತು. ಅದು ನಿಜಕ್ಕೂ ಶತ್ರುವಿನದೇ ಎಂದು ನ್ಯಾಯಾಲಯ ತೀರ್ಮಾನಿಸಿದ ಮೇಲಷ್ಟೇ ಲೂಟಿಯ ಹಂಚಿಕೆ.

ವ್ಯಾಪಾರಿಯ ಕೈಯಲ್ಲಿದ್ದ ಕಾಗದ ರಹದಾರಿ. 16ನೇ ಶತಮಾನದ ಆರಂಭದಿಂದ ಪೋರ್ಚುಗೀಸರು ನಮ್ಮ ಕರಾವಳಿಯ ಹಡಗುಗಳು ತಮ್ಮಿಂದ 'ಕರ್ತಾಜ್' ಎಂಬ ರಹದಾರಿ ಪಡೆಯಲೇಬೇಕೆಂದು ವಿಧಿಸಿದರು. ಕರ್ತಾಜ್ ಇಲ್ಲದ ಹಡಗನ್ನು ಹಿಡಿಯುವುದು ತಮ್ಮ ಹಕ್ಕು ಎಂಬುದು ಅವರ ವಾದ. ಕರ್ತಾಜ್ ಇದ್ದರೂ ರಕ್ಷಣೆ ಖಚಿತವಿರಲಿಲ್ಲ. 1613ರಲ್ಲಿ ಮೊಗಲ್ ದೊರೆ ಜಹಾಂಗೀರನ ತಾಯಿಗೆ ಸೇರಿದ 'ರಹೀಮಿ' ಎಂಬ ದೊಡ್ಡ ಹಡಗನ್ನು, ಅದರಲ್ಲಿ ಕರ್ತಾಜ್ ಇದ್ದರೂ, ಪೋರ್ಚುಗೀಸರು ಹಿಡಿದು ಗೋವೆಗೆ ಒಯ್ದರು.

ಕಡಲ್ಗಳ್ಳನಿಗೂ ಮಿತ್ರನಿಗೂ ನಡುವಿನ ಗೆರೆ ಎಷ್ಟು ತೆಳುವಾಗಿತ್ತು ಎಂಬುದಕ್ಕೆ ಹೊನ್ನಾವರದ ತಿಮ್ಮೋಜ ಒಳ್ಳೆಯ ಉದಾಹರಣೆ. ತನ್ನ ದೋಣಿಪಡೆಯೊಡನೆ ಹಡಗುಗಳನ್ನು ಹಿಡಿಯುತ್ತಿದ್ದ ಆತನನ್ನು ಪೋರ್ಚುಗೀಸರು ಮೊದಲು ಕಡಲ್ಗಳ್ಳನೆಂದು ಕರೆದರು. 1510ರಲ್ಲಿ ಗೋವೆಯ ಮೇಲೆ ದಾಳಿ ಮಾಡುವಂತೆ ಅಲ್ಬುಕರ್ಕ್‌ನನ್ನು ಪ್ರೇರೇಪಿಸಿ, ಅವನ ಜೊತೆಗೇ ಹೋದಾಗ ಅದೇ ತಿಮ್ಮೋಜ ಅವರ ಮಿತ್ರನಾದ.

ಒಬ್ಬರ ಲೂಟಿ, ಇನ್ನೊಬ್ಬರ ಸೆರೆವಾಸ

ಮರುವಶದ ಒಂದು ಪ್ರಸಂಗ ನಮ್ಮ ಕರಾವಳಿಯ ಚರಿತ್ರೆಯ ಹೊಸ್ತಿಲಲ್ಲೇ ಇದೆ. ಲಂಡನ್ನಿನ ಕೋರ್ಟೀನ್ ಬಳಗ ಈಸ್ಟ್ ಇಂಡಿಯಾ ಕಂಪನಿಯ ಪ್ರತಿಸ್ಪರ್ಧಿ. ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್‌ನ ಅನುಮತಿ ಪಡೆದು ಬಂದ ಆ ಬಳಗದ 'ರೋಬಕ್' ಎಂಬ ಹಡಗು 1636ರಲ್ಲಿ ಕೆಂಪು ಸಮುದ್ರದ ಬಳಿ ಸೂರತ್ ಮತ್ತು ದಿಯುಗಳ ಹಡಗುಗಳನ್ನು ಹಿಡಿದು ದೋಚಿತು. ಪೆಟ್ಟು ಬಿದ್ದದ್ದು ಬೇರೆಯವರಿಗೆ. ಸೂರತ್ತಿನ ಮೊಗಲ್ ಅಧಿಕಾರಿಗಳಿಗೆ ಒಬ್ಬ ಇಂಗ್ಲಿಷರವನಿಗೂ ಇನ್ನೊಬ್ಬನಿಗೂ ವ್ಯತ್ಯಾಸವಿರಲಿಲ್ಲ. ಲೂಟಿಯಲ್ಲಿ ಪಾತ್ರವೇ ಇಲ್ಲದ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯಸ್ಥ ವಿಲಿಯಂ ಮೆಥ್ವೋಲ್ಡ್ ಸೆರೆಮನೆ ಸೇರಿದ. ಕಂಪನಿ ಪರಿಹಾರ ತೆರಬೇಕಾಯಿತು. ಕಂಪನಿಯ 'ಸ್ವಾನ್' ಹಡಗಿನ ಜಾನ್ ಪ್ರೌಡ್ ಆಫ್ರಿಕಾ ಸಮೀಪದ ಕೊಮೊರೊ ದ್ವೀಪಗಳಲ್ಲಿ ರೋಬಕ್ಕನ್ನು ಪತ್ತೆಹಚ್ಚಿ ಲೂಟಿಯ ಒಂದು ಭಾಗವನ್ನು ಮರಳಿ ಪಡೆದ.

ಅದೇ ಕೋರ್ಟೀನ್ ಬಳಗದ ಇನ್ನೊಂದು ನೌಕಾದಳ, ಜಾನ್ ವೆಡೆಲ್‌ನ ನಾಯಕತ್ವದಲ್ಲಿ, 1637ರಲ್ಲಿ ಭಟ್ಕಳಕ್ಕೆ ಬಂತು. ಆ ದಳದಲ್ಲಿದ್ದ ಪ್ರವಾಸಿ ಪೀಟರ್ ಮಂಡಿ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ಕೆಳದಿಯ ವೀರಭದ್ರ ನಾಯಕನ ಆಸ್ಥಾನವನ್ನು ಕಂಡ. ಬಂದ ಉದ್ದೇಶ ಮೆಣಸು. ಮರುವರ್ಷ ಕಾರವಾರದಲ್ಲಿಯೂ ಈ ಬಳಗ ನೆಲೆಯೂರಿತು. ಮುಂದೆ ಆ ಕೋಠಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು.

ಕಾರವಾರಕ್ಕೆ ಬಂದ ಕಿಡ್

ಅರವತ್ತು ವರ್ಷಗಳ ಅನಂತರ, 1697ರ ಸೆಪ್ಟೆಂಬರ್ ಆರಂಭದಲ್ಲಿ, ಕಾರವಾರದ ಬಂದರಿಗೆ ನೀರು ಮತ್ತು ಸೌದೆಗಾಗಿ ಒಂದು ಹಡಗು ಬಂತು. ಹೆಸರು 'ಅಡ್ವೆಂಚರ್ ಗ್ಯಾಲಿ', 34 ತೋಪುಗಳು. ಹಾಯಿಗಳ ಜೊತೆಗೆ 46 ಹುಟ್ಟುಗಳೂ ಇದ್ದುದು ಅದರ ವಿಶೇಷ. ಕಪ್ತಾನ ವಿಲಿಯಂ ಕಿಡ್. ಅವನ ಬಳಿ ಎರಡು ಅಧಿಕಾರಪತ್ರಗಳಿದ್ದವು: ಒಂದು ಫ್ರೆಂಚ್ ಹಡಗುಗಳನ್ನು ಹಿಡಿಯಲು, ಇನ್ನೊಂದು ಕಡಲ್ಗಳ್ಳರನ್ನು ಹಿಡಿಯಲು. ಆಗ ಕಡೂರು ಸೀಮೆಯನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರೂ, ಘಟ್ಟದಾಚೆಯ ಕೆನರಾ ಬಂದರುಗಳನ್ನು ಕೆಳದಿಯ ನಾಯಕರೂ ಆಳುತ್ತಿದ್ದರು.

ಕಿಡ್‌ನ ಹಿಂದೆ ಸಂಶಯವೂ ಬಂದಿತ್ತು. ಆಗಸ್ಟ್‌ನಲ್ಲಿ ಕೆಂಪು ಸಮುದ್ರದ ಬಾಯಲ್ಲಿ ಸೂರತ್ತಿಗೆ ಹೊರಟ ಹಡಗುಗಳ ಗುಂಪಿಗಾಗಿ ಆತ ಹೊಂಚು ಹಾಕಿದ್ದ. ಮುಂಗಾರಿನ ಗಾಳಿ ಹಿಡಿದು ಹಡಗುಗಳು ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಹೊರಡುತ್ತಿದ್ದುದರಿಂದ ಹೊಂಚುವವನ ಕೆಲಸ ಸುಲಭ. ಆದರೆ ಗುಂಪಿಗೆ ಬೆಂಗಾವಲಾಗಿದ್ದ ಕಂಪನಿಯ 'ಸೆಪ್ಟರ್' ಹಡಗು ಅವನನ್ನು ಹಿಮ್ಮೆಟ್ಟಿಸಿತು. ಬಳಿಕ ಅವನು ಪಾರ್ಕರ್ ಎಂಬ ಇಂಗ್ಲಿಷ್ ಕಪ್ತಾನನ ಸಣ್ಣ ಹಡಗನ್ನು ತಡೆದು, ಪಾರ್ಕರನನ್ನೇ ಇಟ್ಟುಕೊಂಡಿದ್ದ. ಕಾರವಾರದ ಕೋಠಿಯವರು ವಿಚಾರಿಸಿದಾಗ ಅಂಥವನಾರೂ ತನ್ನಲ್ಲಿಲ್ಲ ಎಂದ. ಪಾರ್ಕರ್ ಆಗ ಹಡಗಿನ ತಳದಲ್ಲಿ ಬಂಧಿಯಾಗಿದ್ದನೆಂದು ಮುಂದೆ ವಿಚಾರಣೆಯಲ್ಲಿ ಸಾಕ್ಷಿಗಳು ನುಡಿದರು. ಕಾರವಾರ ಬಿಟ್ಟ ಕಿಡ್‌ನನ್ನು ಗೋವೆಯಿಂದ ಬಂದ ಎರಡು ಪೋರ್ಚುಗೀಸ್ ಯುದ್ಧನೌಕೆಗಳು ಎದುರಿಸಿದವು. ಅವುಗಳಲ್ಲಿ ಚಿಕ್ಕದನ್ನು ಜಖಂಗೊಳಿಸಿ ಆತ ದಕ್ಷಿಣಕ್ಕೆ ಸಾಗಿದ.

ಬೆನ್ನಟ್ಟುವಿಕೆಯ ಲೆಕ್ಕ

ಈಗ ಸ್ವಲ್ಪ ಭೌತವಿಜ್ಞಾನ. ಹಡಗಿನ ತುದಿಯಲ್ಲಿ ನಿಂತ ಕಾವಲುಗಾರನಿಗೆ ಎಷ್ಟು ದೂರ ಕಾಣುತ್ತದೆ? ಭೂಮಿ ಗೋಳವಾದ್ದರಿಂದ ದಿಗಂತಕ್ಕೆ ಮಿತಿಯಿದೆ. ಭೂಮಿಯ ತ್ರಿಜ್ಯದ ಎರಡರಷ್ಟನ್ನು ಕಣ್ಣಿನ ಎತ್ತರದಿಂದ ಗುಣಿಸಿ ವರ್ಗಮೂಲ ತೆಗೆದರೆ ದಿಗಂತದ ದೂರ ಸಿಗುತ್ತದೆ. ಪೈಥಾಗೊರಸ್ ಪ್ರಮೇಯ ಬಲ್ಲ ಹತ್ತನೇ ತರಗತಿಯ ವಿದ್ಯಾರ್ಥಿ ಇದನ್ನು ಸಾಧಿಸಬಲ್ಲ. ಹಾಯಿಕಂಬದ ಎತ್ತರ 30 ಮೀಟರ್ ಎಂದುಕೊಳ್ಳಿ:

√(2 × 64,00,000 × 30) ≈ 19,600 ಮೀಟರ್

ಅಂದರೆ ಸುಮಾರು 20 ಕಿ.ಮೀ. ಎದುರಿನ ಹಡಗಿನ ಕಂಬವೂ ಅಷ್ಟೇ ಎತ್ತರವಿದ್ದರೆ ಅದರ ತುದಿ ಸುಮಾರು 39 ಕಿ.ಮೀ. ದೂರದಿಂದಲೇ ಕಾಣಬೇಕು. ವಾತಾವರಣದಲ್ಲಿ ಬೆಳಕಿನ ವಕ್ರೀಭವನ ಇದನ್ನು ಸ್ವಲ್ಪ ಹೆಚ್ಚಿಸುತ್ತದೆ. ಮಂಜು, ಮೋಡ ಕಡಿಮೆ ಮಾಡುತ್ತವೆ.

ಬೇಟೆಯ ಹಡಗು 30 ಕಿ.ಮೀ. ಮುಂದಿದೆ ಎನ್ನೋಣ, ಅದು ಸುಮಾರು 16 ನಾವಿಕ ಮೈಲಿ. ಗಂಟೆಗೆ ಒಂದು ನಾವಿಕ ಮೈಲಿಯ ವೇಗವೇ ಒಂದು ನಾಟ್. ಬೇಟೆಯ ವೇಗ 5 ನಾಟ್, ಬೆನ್ನಟ್ಟುವವನದು 7 ನಾಟ್ ಇದ್ದರೆ ಸಾಪೇಕ್ಷ ವೇಗ 2 ನಾಟ್. ಹಿಡಿಯಲು 8 ಗಂಟೆ ಬೇಕು. ಬೆಳಗ್ಗೆ ಕಂಡ ಹಡಗು ಸಂಜೆಯೊಳಗೆ ಕೈಗೆ ಸಿಗುತ್ತದೆ. ವ್ಯತ್ಯಾಸ 1 ನಾಟ್ ಮಾತ್ರವಾದರೆ 16 ಗಂಟೆ ಬೇಕು. ಅಷ್ಟರಲ್ಲಿ ಕತ್ತಲಾಗುತ್ತದೆ, ಬೇಟೆ ದೀಪ ಆರಿಸಿ ದಿಕ್ಕು ಬದಲಿಸುತ್ತದೆ. ಒಂದೇ ಒಂದು ನಾಟ್ ವ್ಯಾಪಾರಿಯ ಬದುಕನ್ನು ನಿರ್ಧರಿಸುತ್ತಿತ್ತು. ಹಡಗಿನ ತಳಕ್ಕೆ ಅಂಟುವ ಕಪ್ಪೆಚಿಪ್ಪು, ಪಾಚಿಗಳನ್ನು ಕೆರೆಯಲು ಸನ್ನದು ನೌಕೆಗಳು ಪದೇ ಪದೇ ದಡ ಹತ್ತುತ್ತಿದ್ದುದು ಈ ಕಾರಣಕ್ಕೆ. ಅಡ್ವೆಂಚರ್ ಗ್ಯಾಲಿಗೆ ಹುಟ್ಟುಗಳಿದ್ದುದೂ ಇದಕ್ಕೇ: ಗಾಳಿ ನಿಂತು ಬೇಟೆಯ ವೇಗ ಸೊನ್ನೆಯಾದಾಗ, ಹುಟ್ಟುಗಳಿಂದ ಸಿಗುವ ಸುಮಾರು 3 ನಾಟ್ ಸಾಕಷ್ಟಾಯಿತು.

ವೇಗವನ್ನು ಅಳೆಯುತ್ತಿದ್ದುದು ಹೇಗೆ? ಸಮಾನ ಅಂತರದಲ್ಲಿ ಗಂಟು ಹಾಕಿದ ಹಗ್ಗದ ತುದಿಗೆ ಹಲಗೆ ಕಟ್ಟಿ ನೀರಿಗೆ ಬಿಟ್ಟು, ಮರಳು ಗಡಿಯಾರದ ಅರ್ಧ ನಿಮಿಷದಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಎಂದು ಎಣಿಸುತ್ತಿದ್ದರು. ಇಂಗ್ಲಿಷ್ ನಾವಿಕರು 42 ಅಡಿಗೊಂದು ಗಂಟು ಹಾಕುತ್ತಿದ್ದರು. ವೆಡೆಲ್ ಭಟ್ಕಳಕ್ಕೆ ಬಂದ 1637ರಲ್ಲೇ ರಿಚರ್ಡ್ ನಾರ್ವುಡ್ ಭೂಮಿಯ ಒಂದು ಡಿಗ್ರಿಯ ಉದ್ದವನ್ನು ಅಳೆದು ಪ್ರಕಟಿಸಿದ. ಅದರಂತೆ ನಾವಿಕ ಮೈಲಿ ಸುಮಾರು 6,120 ಅಡಿ. ಗಂಟುಗಳ ಅಂತರ 51 ಅಡಿ ಇರಬೇಕು. ಹಳೆಯ ಹಗ್ಗ 6 ನಾಟ್ ತೋರಿಸಿದರೆ ನಿಜವಾದ ವೇಗ 5ಕ್ಕಿಂತ ತುಸು ಕಡಿಮೆ! ಅಳತೆಯ ಮಾನವೇ ತಪ್ಪಿದ್ದರೆ ಎಷ್ಟು ಎಚ್ಚರಿಕೆಯಿಂದ ಎಣಿಸಿದರೂ ಫಲಿತಾಂಶ ತಪ್ಪೇ.

ಬಾವುಟ ಬದಲಾದರೆ ಉತ್ತರವೂ ಬದಲು

1698ರ ಜನವರಿ 30ರಂದು ಕೊಚ್ಚಿಯ ಬಳಿ ಕಿಡ್ 'ಕ್ವೆಡಾ ಮರ್ಚೆಂಟ್' ಎಂಬ ದೊಡ್ಡ ಹಡಗನ್ನು ಹಿಡಿದ. ಅದು ಬಂಗಾಳದಿಂದ ಸೂರತ್ತಿಗೆ ಹೊರಟಿತ್ತು. ರೇಷ್ಮೆ, ಮಸ್ಲಿನ್, ಸಕ್ಕರೆ, ಕಬ್ಬಿಣ, ಪೆಟ್ಲುಪ್ಪು ಅದರಲ್ಲಿದ್ದವು. ಗೊತ್ತುಮಾಡಿಕೊಂಡವರು ಆರ್ಮೇನಿಯಾದ ವರ್ತಕರು. ಸರಕಿನ ಒಂದು ಪಾಲು ಮೊಗಲ್ ಆಸ್ಥಾನದ ಒಬ್ಬ ಪ್ರಭಾವಿಯದು. ಕಪ್ತಾನ ಮಾತ್ರ ಇಂಗ್ಲಿಷ್‌ನವನು. ಹಾಗಾದರೆ ಈ ಹಡಗು ಯಾವ ದೇಶದ್ದು?

ಕಿಡ್ ಈ ಪ್ರಶ್ನೆಗೆ ಉತ್ತರ ಪಡೆದ ಬಗೆಯನ್ನು ಗಮನಿಸಿ. ಆತ ತನ್ನ ಹಡಗಿನ ಮೇಲೆ ಫ್ರೆಂಚ್ ಬಾವುಟ ಏರಿಸಿದ. ಎದುರಿನವರು ಇದು ಫ್ರೆಂಚರ ಯುದ್ಧನೌಕೆ ಎಂದು ನಂಬಿದರು. ತಮ್ಮಲ್ಲಿದ್ದ ಒಬ್ಬ ಫ್ರೆಂಚನನ್ನೇ ಕಪ್ತಾನನೆಂದು ಮಾಡಿ, ಫ್ರೆಂಚ್ ಕಂಪನಿಯ ರಹದಾರಿ ಕೊಟ್ಟು ಕಳುಹಿಸಿದರು. ರಹದಾರಿ ಕೈಗೆ ಬಂದೊಡನೆ ಕಿಡ್ ಅದನ್ನು ಫ್ರೆಂಚ್ ಹಡಗೆಂದು ಘೋಷಿಸಿ ವಶಪಡಿಸಿಕೊಂಡ. ಎರಡು ತಿಂಗಳ ಹಿಂದೆ ಇನ್ನೊಂದು ಹಡಗನ್ನೂ ಇದೇ ಉಪಾಯದಿಂದ ಹಿಡಿದಿದ್ದ.

ಆ ಕಾಲದ ವ್ಯಾಪಾರಿ ಹಡಗುಗಳು ಹಲವು ದೇಶಗಳ ರಹದಾರಿಗಳನ್ನು ಜೊತೆಯಲ್ಲಿ ಇಟ್ಟುಕೊಳ್ಳುತ್ತಿದ್ದವು. ಎದುರಾದವನ ಬಾವುಟ ನೋಡಿ ತಕ್ಕ ಕಾಗದ ತೋರಿಸುವುದು ರೂಢಿ. ಹಾಗಾಗಿ ಆ ರಹದಾರಿ ಹಡಗಿನ ಗುಣವನ್ನು ತಿಳಿಸಲಿಲ್ಲ. ಕೇಳಿದವನ ಬಾವುಟವನ್ನು ಪ್ರತಿಬಿಂಬಿಸಿತು, ಅಷ್ಟೆ. ಇಂಗ್ಲಿಷ್ ಬಾವುಟ ಕಂಡಿದ್ದರೆ ಬಹುಶಃ ಇಂಗ್ಲಿಷ್ ಕಪ್ತಾನನೇ ಮುಂದೆ ಬರುತ್ತಿದ್ದ. ಪ್ರಯೋಗಾಲಯದಲ್ಲಿ ನಮಗೆ ಇದು ಪರಿಚಿತ ತೊಡಕು. ಒಂದು ಹನಿ ಬಿಸಿನೀರಿನ ಉಷ್ಣತೆಯನ್ನು ದಪ್ಪ ಬುರುಡೆಯ ಉಷ್ಣತಾಮಾಪಕದಿಂದ ಅಳೆಯಹೋದರೆ ಮಾಪಕವೇ ಹನಿಯನ್ನು ತಣ್ಣಗಾಗಿಸುತ್ತದೆ. ಅಳೆಯುವ ಕ್ರಿಯೆಯೇ ಅಳೆಯಬೇಕಾದದ್ದನ್ನು ಬದಲಿಸುತ್ತದೆ.

ವರ್ತಕರು ಬಿಡುಗಡೆಗಾಗಿ 20,000 ರೂಪಾಯಿ ಕೊಡಲು ಮುಂದಾದರು. ಕಿಡ್ ಒಪ್ಪಲಿಲ್ಲ. ಇನ್ನೊಂದು ಸಂಗತಿ ಗಮನಿಸಿ. ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ನಡುವಿನ ಯುದ್ಧ 1697ರ ಸೆಪ್ಟೆಂಬರ್‌ನಲ್ಲಿಯೇ ರಿಸ್ವಿಕ್ ಒಪ್ಪಂದದಿಂದ ಮುಗಿದಿತ್ತು. ಆದರೆ ಸುದ್ದಿಯ ವೇಗ ಹಡಗಿನ ವೇಗಕ್ಕಿಂತ ಹೆಚ್ಚಿರಲಿಲ್ಲ. ಯುರೋಪಿನಲ್ಲಿ ಶಾಂತಿ, ಮಲಬಾರಿನಲ್ಲಿ ಇನ್ನೂ ಯುದ್ಧ!

ಮರುಸೆರೆಗೆ ಗಡಿಯಾರದ ನ್ಯಾಯ

ಹಿಡಿದ ಹಡಗನ್ನು ಸ್ವದೇಶದವರು ಮರಳಿ ಹಿಡಿದರೆ ಅದು ಮೂಲ ಒಡೆಯನಿಗೆ ಸೇರಬೇಕೋ, ಬಿಡಿಸಿ ತಂದವನಿಗೋ? ಫ್ರಾನ್ಸಿನ 1681ರ ನೌಕಾ ಶಾಸನ 24 ಗಂಟೆಗಳ ಗೆರೆ ಎಳೆಯಿತು. ಹಡಗು ಶತ್ರುವಿನ ಕೈಯಲ್ಲಿ 24 ಗಂಟೆ ಕಳೆದಿದ್ದರೆ ಬಿಡಿಸಿದವನಿಗೇ ಪೂರ್ತಿ. ಅದಕ್ಕೆ ಮೊದಲಾದರೆ ಮೂಲ ಒಡೆಯನಿಗೆ ವಾಪಸು, ಬಿಡಿಸಿದವನಿಗೆ ಮೂರನೇ ಒಂದು ಪಾಲು. ಬ್ರಿಟನ್ನಿನ ನಿಯಮ ಬೇರೆ. ಅಲ್ಲಿ ಹಡಗು ಮೂಲ ಒಡೆಯನದೇ. ಆದರೆ ಅವನು ಬಿಡಿಸಿದವನಿಗೆ ಪಾಲು ಕೊಡಬೇಕು. 1756ರ ಶಾಸನದ ಪ್ರಕಾರ ಬಿಡಿಸಿದ್ದು ಸನ್ನದು ನೌಕೆಯಾದರೆ ಪಾಲು ಹೀಗಿತ್ತು:

24 ಗಂಟೆಯೊಳಗೆ: ಬೆಲೆಯ 1/8
24ರಿಂದ 48 ಗಂಟೆ: 1/5
48ರಿಂದ 96 ಗಂಟೆ: 1/3
96 ಗಂಟೆ ಮೀರಿದರೆ: 1/2

ಕಾಲ ಕಳೆದಂತೆ ಪಾಲು ಏಕೆ ಹೆಚ್ಚಬೇಕು? ಒಂದು ಸಣ್ಣ ಲೆಕ್ಕ ಮಾಡಿ. ಸೆರೆಯಾದ ಹಡಗು 5 ನಾಟ್ ವೇಗದಲ್ಲಿ ಯಾವ ದಿಕ್ಕಿಗಾದರೂ ಹೋಗಬಹುದು. 24 ಗಂಟೆಯಲ್ಲಿ ಅದು 120 ನಾವಿಕ ಮೈಲಿ ತ್ರಿಜ್ಯದ ವೃತ್ತದೊಳಗೆ ಎಲ್ಲೋ ಇರುತ್ತದೆ. 96 ಗಂಟೆಗೆ ತ್ರಿಜ್ಯ 480 ನಾವಿಕ ಮೈಲಿ. ಕಾರವಾರದಿಂದ ಹೊರಟರೆ ಸೂರತ್ತನ್ನೂ ದಾಟುವಷ್ಟು ದೂರ! ತ್ರಿಜ್ಯ 4 ಪಟ್ಟಾದರೆ ಹುಡುಕಬೇಕಾದ ವಿಸ್ತೀರ್ಣ 16 ಪಟ್ಟು. ಶಾಸನ ಕೊಡುವ ಪಾಲು ಮಾತ್ರ 1/8ರಿಂದ 1/2ಕ್ಕೆ, ಅಂದರೆ 4 ಪಟ್ಟು ಏರುತ್ತದೆ. ಕಾನೂನು ರೂಪಿಸಿದವರು ವೃತ್ತದ ವಿಸ್ತೀರ್ಣ ಲೆಕ್ಕ ಹಾಕಿ ಕುಳಿತಿರಲಾರರು. ಆದರೆ ತಡವಾದಷ್ಟೂ ಹುಡುಕುವವನಿಗೆ ಹೆಚ್ಚು ಆಸೆ ತೋರಿಸಬೇಕು ಎಂಬುದು ಅವರಿಗೆ ತಿಳಿದಿತ್ತು.

ಈ ನ್ಯಾಯವೆಲ್ಲ ಆಯಾ ದೇಶದ ಪ್ರಜೆಗಳ ಹಡಗಿಗೆ. ಭಾರತದ ಕಡಲಲ್ಲಿ ಸರಕು ಕಳೆದುಕೊಂಡ ಸೂರತ್ತಿನ ಅಥವಾ ಬಸರೂರಿನ ವರ್ತಕ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರುವುದು ಹೇಗೆ? ಅವನಿಗೆ ಉಳಿದ ದಾರಿ ನೆಲದ ಅಧಿಕಾರ. ಕ್ವೆಡಾ ಮರ್ಚೆಂಟ್ ಸುದ್ದಿ ತಲುಪಿದಾಗ ಔರಂಗಜೇಬನ ಅಧಿಕಾರಿಗಳು ಮಾಡಿದ್ದೂ ಅದನ್ನೇ. ಸೂರತ್ತಿನ ಐರೋಪ್ಯ ಕಂಪನಿಗಳ ಮೇಲೆ ಒತ್ತಡ ಹೇರಿ ಪರಿಹಾರ ಕೇಳಿದರು. ಕಡಲ ಕಾವಲಿನ ಹೊಣೆಯನ್ನು ಇಂಗ್ಲಿಷ್, ಡಚ್, ಫ್ರೆಂಚ್ ಕಂಪನಿಗಳ ನಡುವೆ ಹಂಚಿದರು.

ಕಳೆದುಹೋದ ಕಾಗದ, ಉಳಿದ ಮರ

ಅಡ್ವೆಂಚರ್ ಗ್ಯಾಲಿ 1698ರ ಹೊತ್ತಿಗೆ ಸೋರಿ ಸೋರಿ ನಿಷ್ಪ್ರಯೋಜಕವಾಯಿತು. ಒಡಲು ಬಿಚ್ಚಿಕೊಳ್ಳದಂತೆ ಸುತ್ತಲೂ ಹಗ್ಗ ಬಿಗಿಯಬೇಕಾಯಿತು. ಮಡಗಾಸ್ಕರ್ ಬಳಿ ಅದನ್ನು ತೊರೆದು, ಸೆರೆಹಿಡಿದ ಕ್ವೆಡಾ ಮರ್ಚೆಂಟನ್ನೇ ಏರಿ ಕಿಡ್ ಕೆರಿಬಿಯನ್ ಸಮುದ್ರ ತಲುಪಿದ. ಅಲ್ಲಿ ತಾನು ಕಡಲ್ಗಳ್ಳನೆಂದು ಘೋಷಿತನಾಗಿರುವುದು ತಿಳಿಯಿತು. ಹಡಗನ್ನು ಹಿಸ್ಪಾನಿಯೋಲಾ ದ್ವೀಪದ ಬಳಿ ಬಿಟ್ಟ. ಕಾವಲಿದ್ದವರು ಅದಕ್ಕೆ ಬೆಂಕಿಯಿಟ್ಟರು. ಆ ಹಡಗನ್ನು ಒಡೆಯರಿಗೆ ಮರಳಿಸುವವರು ಯಾರೂ ಬರಲಿಲ್ಲ.

1699ರಲ್ಲಿ ಬಾಸ್ಟನ್ನಿನಲ್ಲಿ ಬಂಧಿತನಾದ ಕಿಡ್ ಎರಡೂ ಫ್ರೆಂಚ್ ರಹದಾರಿಗಳನ್ನು ಗವರ್ನರ್ ಬೆಲ್ಲೊಮಾಂಟ್‌ಗೆ ಒಪ್ಪಿಸಿದ್ದ. ಅವು ಲಂಡನ್ನಿಗೂ ಹೋದವು. ಆದರೆ 1701ರ ಮೇ ತಿಂಗಳ ವಿಚಾರಣೆಯಲ್ಲಿ ಆತ ಅಂಗಲಾಚಿದರೂ ಆ ಕಾಗದಗಳು ಹೊರಬರಲಿಲ್ಲ. ಹಡಗುಗಳ ಲೂಟಿಗೂ, ತನ್ನ ತೋಪಿನವ ವಿಲಿಯಂ ಮೂರ್‌ನನ್ನು ಬಕೆಟ್ಟಿನಿಂದ ಹೊಡೆದು ಕೊಂದದ್ದಕ್ಕೂ ಶಿಕ್ಷೆಯಾಗಿ ಮೇ 23ರಂದು ಗಲ್ಲಿಗೇರಿದ. ಸುಮಾರು ಇನ್ನೂರು ವರ್ಷಗಳ ಬಳಿಕ, 20ನೇ ಶತಮಾನದ ಆರಂಭದಲ್ಲಿ, ರಾಲ್ಫ್ ಪೇನ್ ಎಂಬ ಲೇಖಕ ಲಂಡನ್ನಿನ ಸರ್ಕಾರಿ ದಾಖಲೆಗಳ ಸಂಗ್ರಹದಲ್ಲಿ ಅವೇ ರಹದಾರಿಗಳನ್ನು ಕಂಡ.

ಹಾಗಾದರೆ ಕಿಡ್ ನಿರಪರಾಧಿಯೇ? ಅವಸರ ಬೇಡ. ರಹದಾರಿಗಳು ಮೂರ್‌ನ ಕೊಲೆಗೆ ಉತ್ತರವಲ್ಲ. ಪಾರ್ಕರನ ಹಡಗಿಗೂ ಅಲ್ಲ. ಅವು ಸಿಕ್ಕಿದ್ದು ಸುಳ್ಳು ಬಾವುಟದ ಮೂಲಕ. ಹಡಗನ್ನು ನೌಕಾ ನ್ಯಾಯಾಲಯಕ್ಕೆ ಒಯ್ಯದೆ ಸರಕನ್ನು ದಾರಿಯಲ್ಲೇ ಮಾರಿದ್ದೂ ನಿಜ. ಆದರೆ ಆರೋಪಿಯ ಪರವಾದ ದಾಖಲೆಯನ್ನು ಅವನ ಕೈಗೆ ಕೊಡದೆ ನಡೆಸಿದ ವಿಚಾರಣೆ ನ್ಯಾಯವಾದ ವಿಚಾರಣೆಯಲ್ಲ. ತೀರ್ಪು ಸರಿಯಿರಬಹುದು, ತೀರ್ಪಿಗೆ ಬಂದ ವಿಧಾನ ತಪ್ಪು. ವಿಜ್ಞಾನದಲ್ಲಿ ನಾವು ಇದನ್ನು ಒಪ್ಪುವುದಿಲ್ಲ. ತನ್ನ ಸಿದ್ಧಾಂತಕ್ಕೆ ಒಗ್ಗದ ವಾಚನಗಳನ್ನು ಕೈಬಿಟ್ಟು ರೇಖಾಪಟ ಎಳೆದ ವಿದ್ಯಾರ್ಥಿಗೆ, ಉತ್ತರ ಸರಿಬಂದರೂ, ನೀವು ಅಂಕ ಕೊಡುವಿರಾ?

ಹಡಗು ಕೂಡ ಮರಳಿ ಸಿಕ್ಕಿತು. 2007ರಲ್ಲಿ ಡೊಮಿನಿಕನ್ ಗಣರಾಜ್ಯದ ಕತಲಿನಾ ದ್ವೀಪದ ಬಳಿ, ಆಳವಿಲ್ಲದ ನೀರಿನಲ್ಲಿ, ತೋಪುಗಳ ರಾಶಿಯೊಂದು ಪತ್ತೆಯಾಯಿತು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ತಂಡ ಅದನ್ನು ಅಧ್ಯಯನ ಮಾಡಿ ಕ್ವೆಡಾ ಮರ್ಚೆಂಟ್ ಎಂದು ಗುರುತಿಸಿತು. ತೋಪುಗಳ ಕೆಳಗೆ ಉಳಿದಿದ್ದ ಒಡಲಿನ ಮರ ಯಾವುದು ಗೊತ್ತೇ? ತೇಗ. ಭಾರತದ ಪಶ್ಚಿಮ ಕರಾವಳಿಯ ಹಡಗುಕಟ್ಟೆಗಳ ಮೆಚ್ಚಿನ ಮರ. ಕೆರಿಬಿಯನ್ ಸಮುದ್ರದಲ್ಲಿ ಮುಳುಗಿದ ಹಡಗೊಂದರಲ್ಲಿ ತೇಗ ಸಿಕ್ಕಿದ್ದು ಗುರುತಿಸುವಿಕೆಗೆ ಬಲವಾದ ಆಧಾರವಾಯಿತು. ಕಾಗದದ ಹಾಗೆ ಮರ ಎದುರಿನವನ ಬಾವುಟ ನೋಡಿ ಉತ್ತರ ಬದಲಿಸುವುದಿಲ್ಲ.

ತರೀಕೆರೆ ಬಳಿಯ ಲಕ್ಕವಳ್ಳಿಯ ಕಾಡನ್ನು ನೋಡಿದವರಿಗೆ ತೇಗದ ಪರಿಚಯ ಬೇಕಿಲ್ಲ. ಅದರ ದಾರುವಿನಲ್ಲಿರುವ ಎಣ್ಣೆ ಅಂಶ, ಟೆಕ್ಟೊಕ್ವಿನೋನ್‌ನಂಥ ಸಂಯುಕ್ತಗಳು ಗೆದ್ದಲನ್ನು ದೂರವಿಡುತ್ತವೆ. ಹಡಗಿನ ಮರ ಕೊರೆಯುವ ಹುಳುಗಳಿಗೂ ಅದು ಓಕ್‌ಗಿಂತ ಚೆನ್ನಾಗಿ ಎದುರು ನಿಲ್ಲುತ್ತದೆ. 1695ರ ಕೊನೆಯಲ್ಲಿ ನೀರಿಗಿಳಿದ ಇಂಗ್ಲಿಷ್ ಹಡಗು ಮೂರು ವರ್ಷದೊಳಗೆ ಸೋರಿ ಮುಗಿದುಹೋದಾಗ, ತೇಗದ ಹಡಗು ಎರಡು ಸಾಗರ ದಾಟಿದ್ದು ಆಶ್ಚರ್ಯವಲ್ಲ.

1856ರ ಪ್ಯಾರಿಸ್ ಘೋಷಣೆ ಸನ್ನದು ನೌಕೆಗಳ ಪದ್ಧತಿಯನ್ನು ರದ್ದುಮಾಡಿತು. ಅದರ ಗಣಿತ ಮಾತ್ರ ತರಗತಿಗೆ ಇಂದಿಗೂ ಉಪಯುಕ್ತ. ಶಿಕ್ಷಕರು ಈ ಮೂರನ್ನು ಮಾಡಿಸಿ ನೋಡಬಹುದು. ಒಂದು, 10, 20, 30, 40 ಮೀಟರ್ ಎತ್ತರಗಳಿಗೆ ದಿಗಂತದ ದೂರ ಲೆಕ್ಕಿಸಿ ರೇಖಾಪಟ ಎಳೆಯುವುದು. ಅದು ಸರಳರೇಖೆ ಏಕಲ್ಲ ಎಂದು ಚರ್ಚಿಸುವುದು. ಎರಡು, ಶಾಸನದ ಪಾಲುಗಳನ್ನೂ ಹುಡುಕುವ ವಿಸ್ತೀರ್ಣವನ್ನೂ ಒಂದೇ ಕಾಲಾಕ್ಷದ ಮೇಲೆ ಗುರುತಿಸುವುದು. ಮೂರು, ತರಗತಿಯನ್ನು ಎರಡು ಪಂಗಡ ಮಾಡಿ, ಕ್ವೆಡಾ ಮರ್ಚೆಂಟ್ ಯಾರದೆಂದು ವಾದ ಮಾಡಿಸುವುದು. ನಿಯಮ ಒಂದೇ: ತಮ್ಮ ವಾದಕ್ಕೆ ವಿರುದ್ಧವಾದ ಒಂದು ಸಾಕ್ಷ್ಯವನ್ನು ಪ್ರತಿ ಪಂಗಡವೂ ತಾನಾಗಿಯೇ ಮೊದಲು ಮುಂದಿಡಬೇಕು.